ಎಂಟು ಅಕ್ಷರದ ಪರದೆಯಲ್ಲಿ ಕನ್ನಡದ ಹಾಡು

ಬೆಂಗಳೂರಿನಿಂದ ಹಾಸನದ ಮೂಲಕ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಕುಣಿಗಲ್ಲನ್ನು ಹಾದುಹೋಗುತ್ತದೆ. ತುಮಕೂರಿನಿಂದ ತಿಪಟೂರು, ಅರಸೀಕೆರೆಗಳ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮೊದಲು ಸಿಗುವ ತಾಲ್ಲೂಕು ಕೇಂದ್ರ ಗುಬ್ಬಿ. ಈ ರಸ್ತೆಗಳಲ್ಲಿ ಓಡಾಡುವ ಕಾರುಗಳ ರೇಡಿಯೋಗಳಲ್ಲಿ, ಹಿಂದೆ ಮುಳ್ಳು ಮತ್ತು ಅಂಕಿಗಳ ಪಟ್ಟಿ ಇದ್ದ ಜಾಗವನ್ನು ಈಗ ಪುಟ್ಟ ಪರದೆಯೊಂದು ಆಕ್ರಮಿಸಿಕೊಂಡಿದ್ದು, ಅದರ ಮೇಲೆ ಕೆಲವೊಮ್ಮೆ ಕೇಂದ್ರದ ಹೆಸರೂ ಕೆಲವೊಮ್ಮೆ ಹಾಡಿನ ಮತ್ತು ಗಾಯಕರ ಹೆಸರೂ ಮೂಡುತ್ತವೆ, ಮತ್ತೆ ಕೆಲವೊಮ್ಮೆ ಬರಿಯ ಕಂಪನಾಂಕ ಮಾತ್ರ ಉಳಿಯುತ್ತದೆ. ಈ ಹೆಸರುಗಳನ್ನು ರೇಡಿಯೋ ತಾನೇ ಹುಡುಕಿಕೊಳ್ಳುತ್ತದೆಯೆಂದಾಗಲೀ ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆಯೆಂದಾಗಲೀ ಭಾವಿಸುವವರು ಹಲವರಿದ್ದಾರೆ. ವಾಸ್ತವದಲ್ಲಿ ಆ ಅಕ್ಷರಗಳು ಹಾಡನ್ನು ಹೊತ್ತು ತರುವ ತರಂಗದಲ್ಲಿಯೇ ಸೇರಿಕೊಂಡು ಬರುತ್ತವೆ. ಕೇಂದ್ರದವರು ಕಳುಹಿಸಿದರೆ ಉಂಟು, ಕಳುಹಿಸದಿದ್ದರೆ ಎಷ್ಟು ದುಬಾರಿಯ ರೇಡಿಯೋ ಆದರೂ ಮೂಕವೇ. ಈ ವ್ಯವಸ್ಥೆಗೆ ರೇಡಿಯೋ ಡೇಟಾ ಸಿಸ್ಟಮ್, ಸಂಕ್ಷಿಪ್ತವಾಗಿ ಆರ್‌ಡಿಎಸ್, ಎಂದು ಹೆಸರು.

ಹಾಡಿನೊಳಗೇ ಅದರ ಗುರುತನ್ನು ಇರಿಸುವ ಪದ್ಧತಿ ತುಮಕೂರು ಸೀಮೆಗೆ ಅಪರಿಚಿತವಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳ ವಚನಗಳು 'ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು' ಎಂಬ ಅಂಕಿತವನ್ನು ಹೊತ್ತಿರುವುದರಿಂದ, ಓಲೆಗರಿಯಿಂದ ಓಲೆಗರಿಗೆ, ಬಾಯಿಂದ ಬಾಯಿಗೆ ಎಷ್ಟೇ ದಾಟಿದರೂ ಅವು ಯಾರವೆಂಬ ವಿಷಯದಲ್ಲಿ ಗೊಂದಲ ಹುಟ್ಟಲಿಲ್ಲ. ಆರ್‌ಡಿಎಸ್ ಮಾಡುವ ಕೆಲಸವೂ ಸ್ಥೂಲವಾಗಿ ಇಂಥದೇ, ಆದರೆ ಅಂಕಿತ ಕಿವಿಗೆ ಕೇಳಿಸುತ್ತದೆ, ಇದು ಕೇಳಿಸುವುದಿಲ್ಲ. ನಡುವೆ ಬಂದ ಗ್ರಾಮಫೋನಿನ ಕಾಲದಲ್ಲಿ ಗುರುತಿನ ಭಾರ ಕಾಗದಕ್ಕೆ ವರ್ಗವಾಯಿತು. 1884ರಲ್ಲಿ ಸ್ಥಾಪನೆಯಾಗಿ ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ನಾಡಿನುದ್ದಕ್ಕೂ ಸಂಚರಿಸಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯಂಥ ಸಂಸ್ಥೆಗಳು ಜನಪ್ರಿಯಗೊಳಿಸಿದ ರಂಗಗೀತೆಗಳ ಪರಂಪರೆ ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳನ್ನು ಸೇರಿದಾಗ, ತಟ್ಟೆಯ ನಡುವಿನ ದುಂಡನೆಯ ಚೀಟಿಯೇ ಹಾಡು ಯಾವುದು, ಹಾಡಿದವರು ಯಾರು ಎಂಬುದನ್ನು ಹೇಳುತ್ತಿತ್ತು. ರೇಡಿಯೋ ಬಂದಾಗ ಆ ಚೀಟಿ ಕೇಳುಗನ ಕಣ್ಣಿಗೆ ಬೀಳದಂತಾಯಿತು. ಅದನ್ನು ಓದಿ ಹೇಳುವ ಹೊಣೆ ಉದ್ಘೋಷಕರದಾಯಿತು. 1955ರ ನವೆಂಬರ್ 2ರಂದು ಬೆಂಗಳೂರು ಆಕಾಶವಾಣಿ ಕೇಂದ್ರವೂ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯೂ ಆರಂಭವಾದ ಮೇಲೆ, ಚಿತ್ರ ಯಾವುದು, ಹಾಡಿದವರು ಯಾರು, ಸಾಹಿತ್ಯ ಮತ್ತು ಸಂಗೀತ ಯಾರದು ಎಂಬ ನಾಲ್ಕು ವಿವರಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಉದ್ಘೋಷಣೆ ಕನ್ನಡ ಕೇಳುಗನ ಸಾಮಾನ್ಯ ಜ್ಞಾನದ ದೊಡ್ಡ ಆಕರವಾಯಿತು. ಆದರೆ ಹಾಡು ಅರ್ಧವಾದ ಮೇಲೆ ರೇಡಿಯೋ ತಿರುಗಿಸಿದವನಿಗೆ ಈ ಯಾವ ವಿವರವೂ ಸಿಗುತ್ತಿರಲಿಲ್ಲ. ಪರದೆ ತುಂಬಲು ಹೊರಟಿರುವುದು ಈ ಕೊರತೆಯನ್ನು.

ಆದರೆ ಆರ್‌ಡಿಎಸ್ ಹುಟ್ಟಿದ್ದು ಹಾಡಿನ ಹೆಸರಿಗಾಗಿ ಅಲ್ಲ, ರಸ್ತೆಗಾಗಿ. 1974ರಿಂದ ಪಶ್ಚಿಮ ಜರ್ಮನಿಯಲ್ಲಿ ಬಳಕೆಗೆ ಬಂದ ಒಂದು ವ್ಯವಸ್ಥೆ, ಸಂಚಾರದ ಸುದ್ದಿ ಬಿತ್ತರಿಸುವ ಕೇಂದ್ರಗಳನ್ನು ಕಾರಿನ ರೇಡಿಯೋ ತಾನೇ ಗುರುತಿಸುವಂತೆ ಮಾಡಿತ್ತು. ಅದೇ ದಶಕದಲ್ಲಿ ಸ್ವೀಡನ್ನಿನವರು ಎಫ್‌ಎಂ ತರಂಗದ ಮೇಲೆ ಪೇಜರ್ ಸಂದೇಶಗಳನ್ನು ಕಳುಹಿಸುವ ವಿಧಾನವನ್ನು ರೂಪಿಸಿದರು. ಈ ಅನುಭವಗಳನ್ನು ಒಟ್ಟುಗೂಡಿಸಿ, ಯುರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟವಾದ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ 1984ರಲ್ಲಿ ಆರ್‌ಡಿಎಸ್ ನಿಯಮಾವಳಿಯನ್ನು ಪ್ರಕಟಿಸಿತು. 1987ರಲ್ಲಿ ವೋಲ್ವೋ ಕಂಪನಿಯ ಆರ್‌ಡಿಎಸ್ ಕಾರ್ ರೇಡಿಯೋ ಮಾರುಕಟ್ಟೆಗೆ ಬಂದಿತು. 1990ರ ದಶಕದಲ್ಲಿ ಅಮೆರಿಕ ಅದರ ಒಂದು ರೂಪಾಂತರವನ್ನು ಅಂಗೀಕರಿಸಿತು. ಯುರೋಪಿನ ಚಾಲಕನ ಅಗತ್ಯಕ್ಕೆಂದು ಕಟ್ಟಿದ ಈ ವ್ಯವಸ್ಥೆಯ ಪ್ರತಿಯೊಂದು ಅಳತೆಯಲ್ಲಿಯೂ ಆ ಮೂಲದ ಗುರುತು ಇಂದಿಗೂ ಉಳಿದಿರುವುದನ್ನು ಮುಂದೆ ಕಾಣಬಹುದು.

ಅಕ್ಷರಗಳು ತರಂಗವನ್ನೇರುವ ಬಗೆಯನ್ನು ತಿಳಿಯಲು ಎಫ್‌ಎಂ ಪ್ರಸಾರದ ಒಳರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ. ಎಫ್‌ಎಂ ಕೇಂದ್ರವೊಂದು ಧ್ವನಿಯನ್ನು ಒಂದೇ ರಾಶಿಯಾಗಿ ಕಳುಹಿಸುವುದಿಲ್ಲ. ಸೆಕೆಂಡಿಗೆ 15 ಸಾವಿರ ಕಂಪನಗಳವರೆಗಿನ, ಅಂದರೆ 15 ಕಿಲೋಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಎಡ ಮತ್ತು ಬಲ ಧ್ವನಿಗಳ ಮೊತ್ತವನ್ನೂ, 23ರಿಂದ 53 ಕಿಲೋಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಅವೆರಡರ ವ್ಯತ್ಯಾಸವನ್ನೂ ಇರಿಸಿ, ನಡುವೆ 19 ಕಿಲೋಹರ್ಟ್ಸ್‌ನಲ್ಲಿ 'ಪೈಲಟ್' ಎಂಬ ಮಾರ್ಗದರ್ಶಕ ಸ್ವರವೊಂದನ್ನು ಸೇರಿಸುತ್ತದೆ. ಈ ಪೈಲಟ್ ಸ್ವರ ಕಂಡುಬಂದರೆ ರೇಡಿಯೋ ಎರಡೂ ಪಟ್ಟಿಗಳನ್ನು ಕೂಡಿಸಿ ಕಳೆದು ಸ್ಟೀರಿಯೋ ಧ್ವನಿಯನ್ನು ಹೊರಡಿಸುತ್ತದೆ. ಇವೆಲ್ಲದರ ಮೇಲೆ ಉಳಿದ ತೆರವಿನಲ್ಲಿ, ಪೈಲಟ್‌ನ ಸರಿಯಾಗಿ ಮೂರರಷ್ಟಾದ 57 ಕಿಲೋಹರ್ಟ್ಸ್‌ನಲ್ಲಿ, ಆರ್‌ಡಿಎಸ್‌ನ ಉಪವಾಹಕ ತರಂಗವಿರುತ್ತದೆ. ಮೂರರಷ್ಟು ಎಂಬುದು ಆಕಸ್ಮಿಕವಲ್ಲ: ಪೈಲಟ್ಟಿಗೆ ಹೊಂದಿಕೊಂಡ ಸ್ಥಾನವಾದ್ದರಿಂದ ಧ್ವನಿಗೆ ಅಡಚಣೆ ಕನಿಷ್ಠವಾಗುತ್ತದೆ. 57 ಕಿಲೋಹರ್ಟ್ಸನ್ನು 48ರಿಂದ ಭಾಗಿಸಿದರೆ ದೊರೆಯುವ 1187.5 ಎಂಬ ವಿಚಿತ್ರ ಸಂಖ್ಯೆಯೇ ಆರ್‌ಡಿಎಸ್‌ನ ವೇಗ. ಸೆಕೆಂಡಿಗೆ ಅಷ್ಟು ಬಿಟ್‌ಗಳು, ಅಂದರೆ ಸೊನ್ನೆ ಅಥವಾ ಒಂದರ ರೂಪದ ಸಂಕೇತಗಳು, ಹರಿಯುತ್ತವೆ. ಮೊಬೈಲ್ ಅಂತರ್ಜಾಲದ ವೇಗಕ್ಕೆ ಹೋಲಿಸಿದರೆ ಇದು ಲೆಕ್ಕಕ್ಕೇ ಬಾರದಷ್ಟು ಕಡಿಮೆ.

ಆ ಅಲ್ಪ ಹರಿವಿನಲ್ಲಿಯೂ ದೊಡ್ಡ ಭಾಗ ಕಾವಲಿಗೇ ಖರ್ಚಾಗುತ್ತದೆ. 104 ಬಿಟ್‌ಗಳ ಒಂದೊಂದು ಗುಂಪನ್ನೂ 26 ಬಿಟ್‌ಗಳ ನಾಲ್ಕು ತುಂಡುಗಳಾಗಿ ವಿಂಗಡಿಸಿದ್ದು, ಪ್ರತಿ ತುಂಡಿನಲ್ಲಿ 16 ಬಿಟ್ ಮಾಹಿತಿಯಾದರೆ ಉಳಿದ 10 ಬಿಟ್ ಆ ಮಾಹಿತಿ ದಾರಿಯಲ್ಲಿ ಕೆಟ್ಟಿದೆಯೇ ಎಂದು ಪರೀಕ್ಷಿಸುವುದಕ್ಕಾಗಿ ಮೀಸಲು. ಅನುಮಾನ ಬಂದ ತುಂಡನ್ನು ರೇಡಿಯೋ ತಿದ್ದಲು ಯತ್ನಿಸುತ್ತದೆ, ಸಾಧ್ಯವಾಗದಿದ್ದರೆ ಬಿಸಾಡುತ್ತದೆ. ತಪ್ಪು ಅಕ್ಷರ ತೋರಿಸುವುದಕ್ಕಿಂತ ಏನನ್ನೂ ತೋರಿಸದಿರುವುದು ಮೇಲು ಎಂಬ ಈ ನೀತಿಯ ಪರಿಣಾಮವನ್ನು ಕಾಣಲು ತುಮಕೂರು ಸೀಮೆಗಿಂತ ಒಳ್ಳೆಯ ಜಾಗ ಬೇಕಿಲ್ಲ. ಬೆಂಗಳೂರಿನ ಎಫ್‌ಎಂ ಕೇಂದ್ರಗಳು, ಉದಾಹರಣೆಗೆ ಆಕಾಶವಾಣಿಯ 101.3 ಮೆಗಾಹರ್ಟ್ಸ್‌ನ ರೇನ್‌ಬೋ, 102.9ರ ವಿವಿಧ ಭಾರತಿ, 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಗಿ ಆರಂಭವಾದ ರೇಡಿಯೋ ಸಿಟಿ ಮುಂತಾದವು, ತುಮಕೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿವೆ. ಗುಬ್ಬಿ ಅಲ್ಲಿಂದಾಚೆಗೆ ಮತ್ತೆ 20 ಕಿಲೋಮೀಟರ್. ಎಫ್‌ಎಂ ತರಂಗಗಳು ಬಹುಮಟ್ಟಿಗೆ ನೇರ ದೃಷ್ಟಿಯ ರೇಖೆಯಲ್ಲಿಯೇ ಸಾಗುವುದರಿಂದ ಶಿವಗಂಗೆ, ದೇವರಾಯನದುರ್ಗಗಳಂಥ ಬೆಟ್ಟಗಳ ಮರೆಯಲ್ಲಿ ಅವು ಕುಗ್ಗುತ್ತವೆ. ಕುಗ್ಗುವಾಗ ಒಂದು ಕ್ರಮವಿದೆ. ಎಫ್‌ಎಂನಲ್ಲಿ ಗದ್ದಲವು ಮೇಲಿನ ಪಟ್ಟಿಗಳಲ್ಲಿ ಹೆಚ್ಚು. ಅಲ್ಲದೆ ಕೇಂದ್ರದ ಒಟ್ಟು ಶಕ್ತಿಯಲ್ಲಿ ಅಕ್ಷರಗಳಿಗೆ ಸಿಗುವ ಪಾಲು ತೀರಾ ಸಣ್ಣದು. ಹೀಗಾಗಿ ದೂರದ ಊರಿನಲ್ಲಿ ಸ್ಟೀರಿಯೋದ ಸೊಗಸು ಮಾಯವಾಗಿ ಹಾಡು ಸಾದಾ ಧ್ವನಿಯಲ್ಲಿ ಇನ್ನೂ ಚೆನ್ನಾಗಿ ಕೇಳುತ್ತಿರುವಾಗಲೇ ಪರದೆಯ ಹೆಸರು ಅಳಿಸಿಹೋಗಬಹುದು. ಗುಬ್ಬಿಯಲ್ಲಿ ಪರದೆ ಖಾಲಿಯಾದರೆ ಅದು ರೇಡಿಯೋದ ದೋಷವೆಂದು ಅಂಗಡಿಗೆ ಒಯ್ಯುವ ಅಗತ್ಯವಿಲ್ಲ.

ಜಿಲ್ಲೆಯೊಳಗಿನ ಧ್ವನಿ ಬೇರೆ ಬಗೆಯದು. ತುಮಕೂರಿನ ಶ್ರೀ ಸಿದ್ಧಾರ್ಥ ಶಿಕ್ಷಣ ಸಂಸ್ಥೆಯ ಮಾಧ್ಯಮ ಅಧ್ಯಯನ ಕೇಂದ್ರಕ್ಕೆ ಸೇರಿದ ರೇಡಿಯೋ ಸಿದ್ಧಾರ್ಥ 90.8 ಮೆಗಾಹರ್ಟ್ಸ್‌ನ ಸಮುದಾಯ ಬಾನುಲಿ. ಶಿಕ್ಷಣ ಸಂಸ್ಥೆಗಳಿಗೆ ಇಂಥ ಕೇಂದ್ರ ನಡೆಸಲು 2002ರಲ್ಲಿ ಅವಕಾಶ ಕೊಟ್ಟ ಕೇಂದ್ರ ಸರ್ಕಾರ 2006ರಲ್ಲಿ ಅದನ್ನು ಸ್ವಯಂಸೇವಾ ಸಂಸ್ಥೆಗಳಿಗೂ ವಿಸ್ತರಿಸಿತಾದರೂ, ಪ್ರಸಾರದ ಪರಿಣಾಮಕಾರಿ ಶಕ್ತಿಗೆ ಸಾಮಾನ್ಯವಾಗಿ 100 ವಾಟ್‌ನ ಮಿತಿ ಹಾಕಿತು. ಇದರಿಂದ ವ್ಯಾಪ್ತಿ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಊರಿನ ಹೆಸರನ್ನು ಪರದೆಯ ಮೇಲೆ ಹಾಕುವುದಕ್ಕೆ ಎಲ್ಲರಿಗಿಂತ ಹೆಚ್ಚು ಹಕ್ಕಿರುವುದು ಇಂಥ ಕೇಂದ್ರಗಳಿಗೆ, ಅದು ತಲುಪುವ ದೂರ ಎಲ್ಲಕ್ಕಿಂತ ಕಡಿಮೆ ಇರುವುದೂ ಇವಕ್ಕೇ.

ಹೆಸರು ಹಾಕುವುದೆಂದರೂ ಎಷ್ಟು ಜಾಗ? ಆರ್‌ಡಿಎಸ್‌ನಲ್ಲಿ ಕೇಂದ್ರದ ಹೆಸರಿಗೆ ನಿಗದಿಯಾಗಿರುವುದು ಎಂಟೇ ಅಕ್ಷರ; ಖಾಲಿ ಜಾಗವನ್ನೂ ಅಕ್ಷರವೆಂದೇ ಎಣಿಸಬೇಕು. ಒಂದು ಗುಂಪಿನಲ್ಲಿ ಎರಡು ಅಕ್ಷರದಂತೆ ನಾಲ್ಕು ಗುಂಪುಗಳು ತಲುಪಿದರೆ ಹೆಸರು ಪೂರ್ಣವಾಗುತ್ತದೆ. ರೋಮನ್ ಲಿಪಿಯಲ್ಲಿ ಗುಬ್ಬಿಗೆ ಐದು, ಕುಣಿಗಲ್ಲಿಗೆ ಏಳು ಅಕ್ಷರ ಸಾಕು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ತಂದಾಗ ಆರಕ್ಷರದ ತುಮಕೂರು ಎಂಟಕ್ಷರಕ್ಕೆ ಬೆಳೆದು, ಈ ಪರದೆಗೆ ಅಳತೆ ತೆಗೆದು ಹೊಲಿದಂತೆ ಹೊಂದಿಕೊಂಡಿತು. ಆಕಾಶವಾಣಿ ಎಂಬುದು ಮಾತ್ರ ಒಂಬತ್ತಕ್ಷರವಾಗಿ ಒಂದರಿಂದ ಹೊರಗುಳಿಯುತ್ತದೆ. ಈ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳಲು ಕೆಲವು ಕೇಂದ್ರಗಳು ಎಂಟು ಅಕ್ಷರಗಳ ಜಾಗದಲ್ಲಿಯೇ ಒಂದಾದ ಮೇಲೊಂದು ಪದವನ್ನು ಓಡಿಸುವುದುಂಟು. ಚಾಲಕನ ಕಣ್ಣನ್ನು ರಸ್ತೆಯಿಂದ ಸೆಳೆಯುವ ಈ ಓಟವನ್ನು ಯುರೋಪಿನ ನಿಯಮಾವಳಿ ಒಪ್ಪುವುದಿಲ್ಲ, ಜಾಹೀರಾತಿನವರು ಬಿಡುವುದಿಲ್ಲ.

ಹಾಡಿನ ವಿವರಕ್ಕೆ ಬೇರೆಯೇ ಸ್ಥಳವಿದ್ದು ಅದನ್ನು ರೇಡಿಯೋಟೆಕ್ಸ್ಟ್ ಎನ್ನುತ್ತಾರೆ. ಅದರಲ್ಲಿ 64 ಅಕ್ಷರಗಳು ಹಿಡಿಯುತ್ತವೆ. ಗುಂಪಿಗೆ ನಾಲ್ಕು ಅಕ್ಷರದಂತೆ ಬರುವುದರಿಂದ ಹಾಡು ಬದಲಾದ ಮೇಲೆ ಹೆಸರು ಬದಲಾಗಲು ಕೆಲವು ಸೆಕೆಂಡುಗಳು ಹಿಡಿಯುವುದು ಸಹಜ. ಇದಲ್ಲದೆ ಕಾರ್ಯಕ್ರಮದ ಜಾತಿಯನ್ನು ಸೂಚಿಸುವ 32 ಸಂಕೇತಗಳ ಪಟ್ಟಿಯೊಂದಿದೆ: ಸುದ್ದಿ, ಕ್ರೀಡೆ, ಹವಾಮಾನ, ಮಕ್ಕಳ ಕಾರ್ಯಕ್ರಮ, ಧರ್ಮ ಇತ್ಯಾದಿ. ಯುರೋಪಿನ ಪಟ್ಟಿಯಲ್ಲಿ ಜಾಝ್‌ಗೆ ಒಂದು, ಕಂಟ್ರಿ ಸಂಗೀತಕ್ಕೆ ಒಂದು, ರಾಕ್‌ಗೆ ಒಂದು ಮನೆಯಿದೆ. ವಚನ ಗಾಯನವನ್ನು ಮಾತ್ರ ಧರ್ಮದ ಮನೆಗೆ ಸೇರಿಸಬೇಕೋ ಲಘು ಶಾಸ್ತ್ರೀಯದ ಮನೆಗೋ ಎಂದು ಯೋಚಿಸಬೇಕಾಗುತ್ತದೆ, ರಂಗಗೀತೆಯನ್ನು ನಾಟಕದ ಮನೆಗೆ ಕಳುಹಿಸಿದರೆ ಅದು ಸಂಗೀತವೆಂಬುದೇ ಮರೆಯಾಗುತ್ತದೆ.

ಕಾರಿನ ಮಟ್ಟಿಗೆ ಇನ್ನೂ ಎರಡು ಸೌಲಭ್ಯಗಳನ್ನು ಹೇಳಬೇಕು. ಒಂದೇ ಕಾರ್ಯಕ್ರಮ ಬೇರೆ ಬೇರೆ ಕಂಪನಾಂಕಗಳಲ್ಲಿ ಬರುತ್ತಿದ್ದರೆ, ಕೇಂದ್ರ ಆ ಪಟ್ಟಿಯನ್ನು ಕಳುಹಿಸಿ, ಒಂದು ಕ್ಷೀಣಿಸಿದಾಗ ಇನ್ನೊಂದಕ್ಕೆ ತಾನಾಗಿ ಹೊರಳುವಂತೆ ರೇಡಿಯೋಗೆ ಸೂಚಿಸಬಲ್ಲದು. ಕುಣಿಗಲ್ ದಾಟಿ ಹಾಸನದತ್ತ ಹೋಗುವವರಿಗೆ ಇದು ಎಷ್ಟರಮಟ್ಟಿಗೆ ಉಪಯುಕ್ತವೆಂಬುದು ಕಾರ್ಯಕ್ರಮವನ್ನು ಅವಲಂಬಿಸಿದೆ; ಹಾಸನದ ಆಕಾಶವಾಣಿ ಕೇಂದ್ರ ತನ್ನದೇ ಕಾರ್ಯಕ್ರಮ ಬಿತ್ತರಿಸುವ ಹೊತ್ತಿನಲ್ಲಿ ಹೊರಳುವುದಕ್ಕೆ ಅರ್ಥವಿಲ್ಲ. ಎರಡನೆಯದು ಗಡಿಯಾರ. ಆರ್‌ಡಿಎಸ್ ಅಂತರರಾಷ್ಟ್ರೀಯ ಸಮಯವನ್ನೂ ಸ್ಥಳೀಯ ವ್ಯತ್ಯಾಸವನ್ನೂ ಕಳುಹಿಸುತ್ತದೆ, ವ್ಯತ್ಯಾಸದ ಅಳತೆ ಅರ್ಧ ಗಂಟೆ. ಆದ್ದರಿಂದ ಭಾರತದ ಐದೂವರೆ ಗಂಟೆಯ ಅಂತರ ಹನ್ನೊಂದು ಅರ್ಧಗಂಟೆಗಳಾಗಿ ಸಲೀಸಾಗಿ ಕೂರುತ್ತದೆ. ಆದರೆ ನೇಪಾಳದ ಐದೂ ಮುಕ್ಕಾಲಿಗೆ ಇಲ್ಲಿ ಜಾಗವಿಲ್ಲ.

ಇನ್ನು ಲಿಪಿಯ ವಿಷಯ. ಮೂಲ ಆರ್‌ಡಿಎಸ್‌ನ ಅಕ್ಷರ ಕೋಷ್ಟಕಗಳು ರೋಮನ್ ಲಿಪಿಯ ಯುರೋಪಿಯನ್ ಭಾಷೆಗಳಿಗೂ ಜೊತೆಗೆ ಗ್ರೀಕ್, ಸಿರಿಲಿಕ್, ಅರೇಬಿಕ್, ಹೀಬ್ರೂಗಳಿಗೂ ಅವಕಾಶ ಮಾಡಿಕೊಟ್ಟವು. ಕನ್ನಡವೂ ಸೇರಿ ಭಾರತದ ಲಿಪಿಗಳು ಅವುಗಳಲ್ಲಿಲ್ಲ. ಹಾಗಾಗಿ ಕನ್ನಡ ಹಾಡಿನ ಹೆಸರು ಇಂಥ ಪರದೆಗೆ ಬರುವುದಾದರೆ ರೋಮನ್ ವೇಷದಲ್ಲಿಯೇ ಬರಬೇಕು, ಅಲ್ಲಿ ಲಕಾರ ಳಕಾರಗಳೂ ನಕಾರ ಣಕಾರಗಳೂ ಒಂದಾಗಿಬಿಡುತ್ತವೆ. 2018ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾನಕದಲ್ಲಿ ಸೇರಿದ ಆರ್‌ಡಿಎಸ್-2 ಈ ಬಾಗಿಲನ್ನು ತೆರೆಯಿತು: ಜಗತ್ತಿನ ಎಲ್ಲ ಲಿಪಿಗಳ ಸಂಕೇತ ವ್ಯವಸ್ಥೆಯಾದ ಯೂನಿಕೋಡ್ ಅದರಲ್ಲಿ ಬಳಕೆಯಾಗುತ್ತದೆ, ಕೇಂದ್ರದ ಹೆಸರಿಗೆ 32 ಬೈಟ್, ವಿವರಕ್ಕೆ 128 ಬೈಟ್ ಸಿಗುತ್ತದೆ. ಬೈಟ್ ಎಂದರೆ ಎಂಟು ಬಿಟ್‌ಗಳ ಕಂತೆ. ಅಂಕಿ ದೊಡ್ಡದಾಗಿ ಕಂಡರೂ, ಪ್ರಸಾರದಲ್ಲಿ ಬಳಸುವ ಯೂನಿಕೋಡ್ ರೂಪದಲ್ಲಿ ರೋಮನ್ ಅಕ್ಷರವೊಂದಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು, ಮತ್ತು ಇಲ್ಲಿ ಚಿಹ್ನೆ ಎಂದರೆ ಕಣ್ಣಿಗೆ ಕಾಣುವ ಅಕ್ಷರವಲ್ಲ. ಗುಬ್ಬಿ ಎಂಬ ಎರಡಕ್ಷರದ ಹೆಸರು ಗಕಾರ, ಉಕಾರದ ಕೊಂಬು, ಬಕಾರ, ವಿರಾಮ, ಮತ್ತೊಂದು ಬಕಾರ, ಗುಡಿಸು ಎಂದು ಆರು ಚಿಹ್ನೆಗಳಾಗಿ 18 ಬೈಟ್ ನುಂಗುತ್ತದೆ. 'ಆಕಾಶವಾಣಿ'ಗೆ 24 ಬೈಟ್ ಸಾಕು. 'ರೇಡಿಯೋ ಸಿದ್ಧಾರ್ಥ'ಕ್ಕೆ 46 ಬೇಕಾಗಿ ಹೆಸರು ಅರ್ಧದಲ್ಲಿ ಕಡಿಯುತ್ತದೆ. ಎಡೆಯೂರಿನ ಅಂಕಿತವನ್ನು ಬರೆಯಲು 89 ಬೈಟ್ ಹಿಡಿಯುವುದರಿಂದ, ವಿವರದ ಸಾಲಿನಲ್ಲಿ ಗಾಯಕರಿಗೆ ಉಳಿಯುವುದು ಹದಿಮೂರು ಚಿಹ್ನೆ ಮಾತ್ರ. ಸಂಕೇತಗಳು ತಲುಪಿದರೂ ಸಾಲದು. ಒತ್ತಕ್ಷರವನ್ನು ಅಕ್ಷರದ ಕೆಳಗೆ, ಗುಣಿತದ ಚಿಹ್ನೆಯನ್ನು ಸರಿಯಾದ ಬದಿಗೆ ಕೂರಿಸುವ ತಂತ್ರಾಂಶ ಹಾಗೂ ಕನ್ನಡದ ಫಾಂಟ್ ರೇಡಿಯೋದೊಳಗೆ ಇರಬೇಕು.

ಲಿಪಿಯ ಸಮಸ್ಯೆಯನ್ನು ಮೊದಲಿಂದಲೇ ಗಮನದಲ್ಲಿರಿಸಿಕೊಂಡ ಇನ್ನೊಂದು ಹಾದಿ ಎಫ್‌ಎಂ ಪಟ್ಟಿಯಿಂದ ಹೊರಗೆ, ಹಳೆಯ ಮಧ್ಯಮ ತರಂಗದಲ್ಲಿ ಕಾಣಿಸಿಕೊಂಡಿದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರ ದಶಕಗಳಿಂದ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಮನೆ ರೇಡಿಯೋಗಳಲ್ಲಿ ಕೇಳಿಬಂದಿರುವಂಥದು. ಮಧ್ಯಮ ತರಂಗ ನೆಲವನ್ನು ಅನುಸರಿಸಿ ಸಾಗುವುದರಿಂದ ಬೆಟ್ಟಗಳ ಅಡ್ಡಿ ಅದಕ್ಕೆ ಅಷ್ಟಾಗಿ ಇಲ್ಲ. ಸಾಂಪ್ರದಾಯಿಕ ಮಧ್ಯಮ ತರಂಗದ ರೇಡಿಯೋದಲ್ಲಿ ಅಕ್ಷರಗಳ ಮಾತೇ ಇರಲಿಲ್ಲ. ಆದರೆ ಆಕಾಶವಾಣಿ ತನ್ನ ಸುಮಾರು 35 ಮಧ್ಯಮ ತರಂಗ ಪ್ರೇಷಕಗಳನ್ನು ಡಿಜಿಟಲ್ ರೇಡಿಯೋ ಮಾಂಡಿಯಾಲ್, ಅಂದರೆ ಡಿಆರ್‌ಎಂ, ಎಂಬ ಅಂಕೀಯ ಪದ್ಧತಿಗೆ ಸಜ್ಜುಗೊಳಿಸಿದಾಗ ಬೆಂಗಳೂರು ಮತ್ತು ಧಾರವಾಡಗಳೂ ಅವುಗಳಲ್ಲಿ ಸೇರಿದವು. 2003ರಲ್ಲಿ ವಿಧ್ಯುಕ್ತವಾಗಿ ಆರಂಭವಾದ ಈ ಪದ್ಧತಿಯಲ್ಲಿ ಧ್ವನಿಯೇ ಬಿಟ್‌ಗಳ ರೂಪದಲ್ಲಿ ಬರುವುದರಿಂದ ಅಕ್ಷರಗಳಿಗೆ ಪ್ರತ್ಯೇಕ ಮೂಲೆ ಹುಡುಕಬೇಕಾಗಿಲ್ಲ. ಯೂನಿಕೋಡ್ ಸಂದೇಶಗಳು ಸೆಕೆಂಡಿಗೆ 80 ಬಿಟ್‌ಗಳ ಸಾವಕಾಶ ನಡಿಗೆಯಲ್ಲಿ ಧ್ವನಿಯೊಡನೆಯೇ ಹರಿಯುತ್ತವೆ. ಅದರಲ್ಲಿರುವ 'ಜರ್ನಲೈನ್' ಎಂಬ ಇನ್ನೊಂದು ಸೇವೆ ಅಧ್ಯಾಯ, ಉಪಾಧ್ಯಾಯಗಳಾಗಿ ವಿಂಗಡಿಸಿದ ಬರಹದ ಪುಟಗಳನ್ನು ಅಂತರ್ಜಾಲದ ನೆರವಿಲ್ಲದೆ ಪರದೆಗೆ ತರಬಲ್ಲದು. ಕೊಬ್ಬರಿ ಮತ್ತು ಅಡಿಕೆಯ ಈ ಸೀಮೆಗೆ ಹಾಡಿನ ಹೆಸರಿಗಿಂತ ಇದರ ಸಾಧ್ಯತೆ ದೊಡ್ಡದು: ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯನ್ನು ವಾರ್ತೆಯ ಹೊತ್ತಿಗೆ ಕಾಯದೆ, ಬೇಕಾದಾಗ ಓದಿಕೊಳ್ಳುವಂತೆ ಕನ್ನಡದಲ್ಲಿಯೇ ಕಳುಹಿಸಲು ತಾಂತ್ರಿಕವಾಗಿ ಅಡ್ಡಿಯಿಲ್ಲ. ಅಡ್ಡಿಯಿರುವುದು ಕೊನೆಯ ಕೊಂಡಿಯಲ್ಲಿ. ಡಿಆರ್‌ಎಂ ರೇಡಿಯೋ ಭಾರತದಲ್ಲಿ ಮುಖ್ಯವಾಗಿ ಕಾರುಗಳಲ್ಲಿ ಬಂದಿತೇ ಹೊರತು ತೋಟದ ಮನೆಯ ಗೂಡಿನಲ್ಲಿ ಇರಿಸುವ ಅಗ್ಗದ ರೇಡಿಯೋ ಆಗಿ ಹಬ್ಬಲಿಲ್ಲ. ಧಾರಣೆ ಬೇಕಾದ ಬೆಳೆಗಾರನ ಬದಲು ಹೆದ್ದಾರಿಯ ಪ್ರಯಾಣಿಕನ ಮುಂದೆ ಪರದೆ ಬೆಳಗುವಂಥ ಸ್ಥಿತಿ ಇದು.

ಮೊಬೈಲ್ ಫೋನಿನ ಎಫ್‌ಎಂ ರೇಡಿಯೋ ಆ ಅಂತರವನ್ನು ತುಂಬಬಹುದಿತ್ತು. ಇಯರ್‌ಫೋನಿನ ತಂತಿಯನ್ನೇ ಆಂಟೆನಾ ಮಾಡಿಕೊಂಡು ಕೇಂದ್ರದ ಹೆಸರನ್ನೂ ತೋರಿಸುತ್ತಿದ್ದ ಫೋನುಗಳು ಒಂದು ಕಾಲದಲ್ಲಿ ಸಾಮಾನ್ಯವಾಗಿದ್ದವು. ಬರಬರುತ್ತ ತಯಾರಕರು ಈ ಸೌಲಭ್ಯವನ್ನು ಕೈಬಿಡತೊಡಗಿದ್ದರಿಂದ 2023ರಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ, ಎಫ್‌ಎಂ ಸೌಲಭ್ಯವಿರುವ ಫೋನುಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಾರದೆಂದು ಸಲಹಾಸೂಚನೆ ಹೊರಡಿಸಬೇಕಾಯಿತು. ಅಂತರ್ಜಾಲದಲ್ಲಿ ಆಕಾಶವಾಣಿ ಕೇಳುವ ಆ್ಯಪ್‌ಗಳಿಗೆ ಲಿಪಿಯ ಮಿತಿಯೂ ಬೆಟ್ಟದ ಮಿತಿಯೂ ಇಲ್ಲ, ಡೇಟಾ ಖರ್ಚು ಮಾತ್ರ ಉಂಟು.

ಪರದೆ ಯಾವುದೇ ಇರಲಿ, ಅಲ್ಲಿ ಮೂಡುವುದನ್ನು ಯಾರೋ ಒಬ್ಬರು ಮೊದಲು ದಾಖಲಿಸಿರಬೇಕು. ಆರ್‌ಡಿಎಸ್‌ಗೆ ನಂತರ ಸೇರಿದ ರೇಡಿಯೋಟೆಕ್ಸ್ಟ್ ಪ್ಲಸ್ ಎಂಬ ವಿಸ್ತರಣೆ, 64 ಅಕ್ಷರಗಳ ಸಾಲಿನಲ್ಲಿ ಯಾವ ಭಾಗ ಹಾಡಿನ ಹೆಸರು, ಯಾವ ಭಾಗ ಕಲಾವಿದರದು ಎಂದು ರೇಡಿಯೋಗೆ ತಿಳಿಸುವ ಹಣೆಪಟ್ಟಿಗಳನ್ನು ಕೊಡುತ್ತದೆ. ಹಾಡಿನ ಶೀರ್ಷಿಕೆ, ಆಲ್ಬಂ, ಕಲಾವಿದ, ಸಂಯೋಜಕ, ವಾದ್ಯವೃಂದ, ಅಷ್ಟೇ ಏಕೆ, ಪಾಶ್ಚಾತ್ಯ ಶಾಸ್ತ್ರೀಯ ವಾದ್ಯಮೇಳದ ನಿರ್ದೇಶಕನಿಗೂ ಅಲ್ಲಿ ಪ್ರತ್ಯೇಕ ಹಣೆಪಟ್ಟಿಯಿದೆ. ಹಾಡನ್ನು ಬರೆದವರಿಗೆ ಇಲ್ಲ. ಕವಿಯ ಹೆಸರನ್ನು ಮೊದಲು ಹೇಳಿ ಆಮೇಲೆ ಗಾಯಕರಿಗೆ ಬರುವುದು ಕನ್ನಡದ ಸುಗಮ ಸಂಗೀತದ ರೂಢಿ, ಅದನ್ನು ಬೆಳೆಸಿದ್ದೂ ಬಹುಮಟ್ಟಿಗೆ ಆಕಾಶವಾಣಿಯೇ. ಆ ರೂಢಿಯನ್ನು ಪರದೆಗೂ ತರಬಯಸುವ ಕೇಂದ್ರ ಕವಿಯ ಹೆಸರನ್ನು ಯಾವ ಹಣೆಪಟ್ಟಿಯೂ ಇಲ್ಲದ ಸಾದಾ ಸಾಲಿನಲ್ಲಿ, ಹಾಡಿನ ಹೆಸರಿನ ಪಕ್ಕಕ್ಕೆ ಬರೆದು ಕಳುಹಿಸಬೇಕಾಗುತ್ತದೆ. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ಹಾಡುಗಳ ಭಂಡಾರವನ್ನು ಗಣಕಕ್ಕೆ ಏರಿಸುವಾಗ ಆ ಒಂದು ಕಲಮನ್ನು ಖಾಲಿ ಬಿಡದವರು ಬೇಕು.